ಮಳೆಗಾಲಕ್ಕೆ ಮೊದಲು ಓದಿಡಬೇಕಾದ ಕೈಪಿಡಿ: ಜಿಬಿವಿ ಪಾಕೆಟ್ ಗೈಡ್

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಜಿಬಿವಿ ಅಂದರೆ ಲಿಂಗಾಧಾರಿತ ದೌರ್ಜನ್ಯ. ಅದರಿಂದ ನೊಂದವರು ಬಂದು ಹೇಳಿಕೊಂಡರೆ ಹೇಗೆ ನೆರವಾಗಬೇಕು ಅಂತ ಹೇಳುವ ಒಳ್ಳೆಯ ಕೈಪಿಡಿ ಇದು, ಅದೂ ಪುಕ್ಕಟೆ. ಶಾಲೆ, ಅಂಗನವಾಡಿ, ಮದ್ರಸ, ಭಜನಾ ಮಂದಿರ, ಯಾವುದೇ ಆಗಲಿ, ಮಳೆಗಾಲದಲ್ಲಿ ಮನೆ ಬಿಟ್ಟು ಬಂದವರನ್ನು ಉಳಿಸಿಕೊಳ್ಳುವ ಜಾಗ ನಿಮ್ಮದಾದರೆ ಇದರ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು. ಆದರೆ ಮೊಬೈಲಿಗೆ ಇಳಿಸಿಕೊಂಡು ಸುಮ್ನೆ ಇಟ್ಟರೆ ಏನೂ ಪ್ರಯೋಜನವಿಲ್ಲ. ಊರೂರಿಗೆ ತಕ್ಕಂತೆ ಊರಿನವರೇ ಸೇರಿಸಿಕೊಳ್ಳಬೇಕಾದ ಸಂಗತಿ ಇದರಲ್ಲಿ ತುಂಬಾ ಇದೆ. ಆ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು. ಜೂನ್‌ನಲ್ಲಿ ಗಾಳಿ ಮಳೆ ಶುರುವಾಗಿ ಕರೆಂಟ್ ಹೋದ ಮೇಲೆ ಯಾರೂ ಕೂತು ಪುಸ್ತಕ ಓದುವುದಿಲ್ಲ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಕರಾವಳಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ನಮ್ಮ ಕಡೆ ಕಡಲ್ಕೊರೆತ ಜಾಸ್ತಿಯಾದಾಗ, ಇಲ್ಲವೇ ಹೊಳೆ ಉಕ್ಕಿದಾಗ, ಪರಿಹಾರ ಶಿಬಿರ ಅಂತ ತೆರೆಯುವುದು ಶಾಲೆಯನ್ನೇ. ಉಪ್ಪಳದ ಮುಸೋಡಿ ಕಡೆಯವರಿಗೆ ಕಡಲಿನ ಕಾಟ ಏನು ಅಂತ ನಾನು ಬೇರೆ ವಿವರಿಸಬೇಕಾಗಿಲ್ಲ. ಬೆಂಚುಗಳನ್ನು ಗೋಡೆಗೆ ಸರಿಸಿ, ಚಾಪೆ ಹಾಸಿ, ಒಂದು ತರಗತಿಯಲ್ಲಿ ನಾಲ್ಕಾರು ಮನೆಯವರು ಮಲಗುತ್ತಾರೆ. ಗಂಜಿ ಬೇಯುತ್ತದೆ, ಸೊಳ್ಳೆ ಬತ್ತಿ ಬರುತ್ತದೆ, ಔಷಧಿ ಬರುತ್ತದೆ. ಮೆಂಬರ್ ಬರುತ್ತಾರೆ, ವಿಲ್ಲೇಜ್ ಆಫೀಸಿನವರು ಬರುತ್ತಾರೆ. ಇಷ್ಟೆಲ್ಲಾ ವ್ಯವಸ್ಥೆ ನಮಗೆ ರೂಢಿಯಾಗಿದೆ. ಆದರೆ ಆ ರಾತ್ರಿ ಒಬ್ಬ ಹೆಂಗಸು ಮೆಲ್ಲನೆ ಬಂದು ‘ಟೀಚರೇ, ಒಂದು ಮಾತುಂಟು’ ಅಂದರೆ? ಅದಕ್ಕೆ ನಮ್ಮಲ್ಲಿ ತಯಾರಿ ಏನೂ ಇರಲಿಲ್ಲ. ಈ ಕೈಪಿಡಿ ಹುಡುಕಿಕೊಂಡದ್ದು ಅದಕ್ಕಾಗಿಯೇ.

ಇದನ್ನು ತಂದವರು ಐಎಎಸ್‌ಸಿ. ವಿಪತ್ತಿನ ಸಮಯದಲ್ಲಿ ಕೆಲಸ ಮಾಡುವ ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಇತರ ದೊಡ್ಡ ಸಂಸ್ಥೆಗಳೂ ಸೇರಿರುವ ಸಮಿತಿ ಅದು. 1991ರ ವಿಶ್ವಸಂಸ್ಥೆಯ ನಿರ್ಣಯದಿಂದ ಹುಟ್ಟಿದ್ದು. ಲಿಂಗಾಧಾರಿತ ದೌರ್ಜನ್ಯದ ಬಗ್ಗೆ ಇವರ ದೊಡ್ಡ ಮಾರ್ಗಸೂಚಿ 2005ರಲ್ಲಿ ಮೊದಲು ಬಂತು, 2015ರಲ್ಲಿ ಪರಿಷ್ಕರಣೆಯಾಯಿತು. ಅದು ದಪ್ಪ ಪುಸ್ತಕ, ನಮ್ಮಂಥವರು ಪೂರ್ತಿ ಓದಿ ಮುಗಿಸುವಂಥದ್ದಲ್ಲ. ಅದರ ಜೊತೆಗೆ 2018ರಲ್ಲಿ ಬಂದ ಚಿಕ್ಕ ಪುಸ್ತಿಕೆ ಈ ಪಾಕೆಟ್ ಗೈಡ್. ಈ ವಿಷಯದಲ್ಲಿ ತರಬೇತಿ ಇಲ್ಲದವರಿಗಾಗಿಯೇ ಬರೆದದ್ದು. ನೀರಿನ ಟ್ಯಾಂಕ್ ಇಡುವವರು, ಅಕ್ಕಿ ಹಂಚುವವರು, ಟಾರ್ಪಾಲು ಕಟ್ಟುವವರು, ನನ್ನಂಥ ಟೀಚರುಗಳು, ಇಂಥವರ ಹತ್ತಿರ ಯಾರಾದರೂ ಬಂದು ನೋವು ಹೇಳಿಕೊಂಡರೆ, ಹತ್ತಿರದಲ್ಲಿ ಬಲ್ಲವರು ಯಾರೂ ಇಲ್ಲದಿದ್ದರೆ, ಏನು ಮಾಡಬೇಕು, ಏನು ಮಾಡಬಾರದು ಅನ್ನುವುದೇ ಇದರ ವಿಷಯ. ಪಿಡಿಎಫ್ ಆಗಿಯೂ ಸಿಗುತ್ತದೆ, ಮೊಬೈಲ್ ಆ್ಯಪ್ ಆಗಿಯೂ ಇದೆ. ನಾವು ಪಿಡಿಎಫ್ ಜೆರಾಕ್ಸ್ ಮಾಡಿಸಿಕೊಂಡೆವು. ಕಪ್ಪು ಬಿಳುಪಿನಲ್ಲೂ ಓದುವುದಕ್ಕೆ ತೊಂದರೆ ಆಗಲಿಲ್ಲ.

ಇಂಗ್ಲಿಷ್ ಸರಳವಾಗಿದೆ. ಇದು ಸಣ್ಣ ವಿಷಯವಲ್ಲ. ಸರ್ಕಾರಿ ಸುತ್ತೋಲೆಗಳನ್ನು ಓದಿ ಓದಿ ಬಳಲಿದ ನಮಗೆ ಇದರ ಚಿಕ್ಕ ಚಿಕ್ಕ ವಾಕ್ಯಗಳು ಸಮಾಧಾನ ಕೊಟ್ಟವು. ಹೀಗೆ ಹೇಳಿ, ಹೀಗೆ ಹೇಳಬೇಡಿ ಅಂತ ಮಾತುಗಳನ್ನೇ ಬರೆದುಕೊಟ್ಟಿದ್ದಾರೆ.

ಕೈಪಿಡಿಯ ಬೆನ್ನೆಲುಬು ನೋಡು, ಕೇಳು, ಜೋಡಿಸು ಎನ್ನುವ ಮೂರು ಹೆಜ್ಜೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಬೇರೆ ಸಂಸ್ಥೆಗಳ ಜೊತೆ ಸೇರಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಪುಸ್ತಕದಲ್ಲೂ ಇದೇ ಮೂರು ಹೆಜ್ಜೆ ಇದ್ದವು. ಇಲ್ಲಿ ಅವಕ್ಕೆಲ್ಲ ಮೊದಲು ಇನ್ನೊಂದನ್ನು ಇಟ್ಟಿದ್ದಾರೆ: ತಯಾರಾಗು. ನನ್ನ ಮಟ್ಟಿಗೆ ಇಡೀ ಕೈಪಿಡಿಯ ಬೆಲೆ ಇರುವುದು ಈ ಒಂದು ಹೆಜ್ಜೆಯಲ್ಲಿ.

ತಯಾರಾಗು ಅಂದರೆ ಏನು? ನಿಮ್ಮ ಊರಿನಲ್ಲಿ ಯಾವ ಯಾವ ಸೇವೆ ಇದೆ, ಯಾವುದು ಎಷ್ಟು ಹೊತ್ತಿಗೆ ತೆರೆದಿರುತ್ತದೆ, ಯಾರನ್ನು ಕೇಳಬೇಕು ಅಂತ ಮೊದಲೇ ತಿಳಿದಿಟ್ಟುಕೊಳ್ಳಿ ಅಂತ. ಓದುವಾಗ ಇಷ್ಟೇನಾ ಅನಿಸುತ್ತದೆ. ನಿಜವಾಗಿ ಪಟ್ಟಿ ಮಾಡಲು ಕೂತಾಗ ಗೊತ್ತಾಯಿತು, ನಮ್ಮಲ್ಲಿ ಸೇವೆಗಳಿಗೆ ಕೊರತೆ ಇಲ್ಲ, ಆದರೆ ಅವು ಇವೆ ಅನ್ನುವುದೇ ಯಾರಿಗೂ ಪೂರ್ತಿ ಗೊತ್ತಿಲ್ಲ. ರಾಜ್ಯದ ಮಹಿಳಾ ಸಹಾಯವಾಣಿ ಮಿತ್ರ, ನಂಬರ್ 181, ಹಗಲೂ ರಾತ್ರಿ ಇರುತ್ತದೆ. ತುರ್ತಿಗೆ 112. ಮಕ್ಕಳಿಗೆ 1098. ಹೆಂಗಸರ ಸುರಕ್ಷತೆಗಿರುವ ಪಿಂಕ್ ಪೊಲೀಸ್ 1515. ಕೇರಳದ ಹೆಂಗಸರ ಸ್ವಸಹಾಯ ಗುಂಪುಗಳ ಜಾಲವಾದ ಕುಟುಂಬಶ್ರೀಯವರ ಸ್ನೇಹಿತಾ ಕೇಂದ್ರ ಕೇರಳದ 14 ಜಿಲ್ಲೆಗಳಲ್ಲೂ ಇದೆ, ನಮ್ಮ ಜಿಲ್ಲೆಯಲ್ಲೂ ಇದೆ. ಅಲ್ಲಿ ಸಮಾಧಾನದ ಮಾತು, ಸಲಹೆ, ಕೆಲವು ದಿನ ಉಳಿಯುವ ವ್ಯವಸ್ಥೆ ಇದೆ. 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಖಿ ಒನ್ ಸ್ಟಾಪ್ ಸೆಂಟರ್ ಇದೆ. ಅಲ್ಲಿ ವೈದ್ಯರು, ಪೊಲೀಸ್, ವಕೀಲರು ಎಲ್ಲರ ನೆರವೂ ಒಂದೇ ಕಡೆ ಸಿಗಬೇಕು, ಐದು ದಿನದವರೆಗೆ ಉಳಿಯಲೂಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ದೌರ್ಜನ್ಯದಿಂದ ನೊಂದವರಿಗೆ ನೆರವಾಗುವ ಭೂಮಿಕಾ ಅನ್ನುವ ವಿಭಾಗ ಇದೆ. ಪಂಚಾಯತಿನಲ್ಲಿ, ವಾರ್ಡಿನಲ್ಲಿ ಹೆಂಗಸರ, ಮಕ್ಕಳ ರಕ್ಷಣೆಗಿರುವ ಜಾಗ್ರತಾ ಸಮಿತಿ ಇದೆ. ಇದನ್ನೆಲ್ಲಾ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದದ್ದು ನಾನು ಎಲ್ಲೂ ನೋಡಿರಲಿಲ್ಲ. ನಮ್ಮ ಹಾಳೆ ನಾವೇ ಮಾಡಿಕೊಂಡೆವು.

ಇಲ್ಲಿ ಕೈಪಿಡಿಗೂ ನಮ್ಮ ಊರಿಗೂ ಸ್ವಲ್ಪ ಹೊಂದುವುದಿಲ್ಲ. ಅದರ ಮೊದಲ ಪ್ರಶ್ನೆ: ನಿಮ್ಮ ಪ್ರದೇಶದಲ್ಲಿ ಈ ಕೆಲಸ ಬಲ್ಲವರು ಇದ್ದಾರಾ? ಇದ್ದರೆ ಅವರ ಹತ್ತಿರ ಕಳಿಸಿ, ಇಲ್ಲದಿದ್ದರೆ ಮುಂದೆ ಓದಿ. ನಮ್ಮ ಉತ್ತರ ಹೌದೂ ಹೌದು, ಅಲ್ಲವೂ ಹೌದು. ಬಿಸಿಲಿನ ದಿನ ಇದ್ದಾರೆ. ಜುಲೈನ ರಾತ್ರಿ ಹನ್ನೊಂದು ಗಂಟೆಗೆ ಹೆದ್ದಾರಿ ಕೆಲಸದ ಕೆಸರು, ಮುರಿದು ಬಿದ್ದ ತೆಂಗಿನಮರ, ಸಿಗ್ನಲ್ ಇಲ್ಲದ ಫೋನು, ಇಷ್ಟರ ನಡುವೆ ಅವರು ಇದ್ದೂ ಇಲ್ಲದ ಹಾಗೆ. ಹಾಗಾಗಿ ನಮ್ಮ ಹಾಳೆಯಲ್ಲಿ ಎರಡು ಸಾಲು ಮಾಡಿದೆವು. ದಾರಿ ಇದ್ದಾಗ ಎಲ್ಲಿಗೆ, ದಾರಿ ಇಲ್ಲದಾಗ ಬೆಳಗಿನವರೆಗೆ ಯಾರ ಜೊತೆ, ಯಾವ ಕೋಣೆಯಲ್ಲಿ. ಕೈಪಿಡಿಯವರು ಇಂಥದ್ದೊಂದು ನಡುವಿನ ಸ್ಥಿತಿಗೆ ಒಂದು ಪುಟ ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ನಮ್ಮ ತಾಲೂಕಿಗೆ ಇನ್ನೊಂದು ವಿಶೇಷ ಇದೆ. ದೊಡ್ಡ ಆಸ್ಪತ್ರೆ ಅಂದರೆ ನಮಗೆ ಮಂಗಳೂರು. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನಾವು ಪಟ್ಟ ಪಾಡು ಮರೆಯುವುದಕ್ಕಾಗುವುದಿಲ್ಲ. ಆ ದಿನಗಳಲ್ಲೇ ದೇಶದಾದ್ಯಂತ ಮನೆಯೊಳಗಿನ ಹಿಂಸೆಯ ದೂರು ಜಾಸ್ತಿಯಾಗಿ ರಾಷ್ಟ್ರೀಯ ಮಹಿಳಾ ಆಯೋಗ ವಾಟ್ಸಾಪ್ ನಂಬರ್ ತೆರೆಯಬೇಕಾಗಿ ಬಂತು. ಅದನ್ನು ನೆನಪಿಟ್ಟುಕೊಂಡು ನಮ್ಮ ಹಾಳೆಯಲ್ಲಿ ಈಚೆ ಕಡೆಯ ಮಂಗಲ್ಪಾಡಿ ತಾಲೂಕು ಆಸ್ಪತ್ರೆ, ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ ಮೊದಲು ಬರೆದೆವು, ಮಂಗಳೂರು ಆಮೇಲೆ. ಇದರ ಜೊತೆ ಒಂದು ಕಾನೂನಿನ ವಿಷಯ ಗಡಿಯವರೆಲ್ಲ ತಿಳಿದಿರಬೇಕು. 2024ರ ಜುಲೈ 1ರಿಂದ ಬಂದ ಹೊಸ ಕಾನೂನು, ನಾಗರಿಕ ಸುರಕ್ಷಾ ಸಂಹಿತೆ, ಅದರ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಪೊಲೀಸ್ ಠಾಣೆಯಲ್ಲಾದರೂ ದೂರು ಕೊಡಬಹುದು. ಜೀರೋ ಎಫ್‌ಐಆರ್ ಅನ್ನುವುದು ಇದಕ್ಕೇ. ಕೇರಳದಲ್ಲಿ ನಡೆದದ್ದು ಕೇರಳದಲ್ಲೇ ಕೊಡಿ ಅಂತ ಯಾರಾದರೂ ತಿರುಗಿಸಿ ಕಳಿಸಿದರೆ ಸುಮ್ನೆ ವಾಪಸ್ ಬರಬೇಕಾಗಿಲ್ಲ.

ಈಗ ‘ನೋಡು’ ಭಾಗಕ್ಕೆ ಬರುತ್ತೇನೆ. ಇಲ್ಲಿ ಕೈಪಿಡಿ ಖಡಾಖಂಡಿತವಾಗಿ ಒಂದು ಮಾತು ಹೇಳುತ್ತದೆ: ನೊಂದವರನ್ನು ಹುಡುಕಿಕೊಂಡು ಹೋಗಬೇಡಿ. ಮೊದಲು ಓದಿದಾಗ ನಮ್ಮ ಕೆಲವರಿಗೆ ಇದು ಸರಿ ಕಾಣಲಿಲ್ಲ. ಹುಡುಕದಿದ್ದರೆ ಗೊತ್ತಾಗುವುದು ಹೇಗೆ? ಯೋಚನೆ ಮಾಡಿ ನೋಡಿ. ಶಿಬಿರದಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಮೈಕ್ ಹಿಡಿದು ‘ಹೆಂಗಸರಿಗೆ ಯಾರಿಂದಲಾದರೂ ತೊಂದರೆ ಆಗಿದ್ದರೆ ಈಗಲೇ ಬಂದು ಹೇಳಿ’ ಅಂದರೆ ಏನಾಗುತ್ತದೆ? ಹೊಡೆದ ಗಂಡ ಅದೇ ಹಾಲಿನಲ್ಲಿ ಗಂಜಿ ಉಣ್ಣುತ್ತಾ ಕೂತಿರುತ್ತಾನೆ. ಎದ್ದು ಬಂದವಳ ಕಡೆ ನೂರು ಕಣ್ಣು. ಕೈಪಿಡಿ ಹೇಳುವ ದಾರಿ ಬೇರೆ. ನಡೆಯುತ್ತಿದೆ ಅಂತಲೇ ತಿಳಿದುಕೊಳ್ಳಿ, ಲೆಕ್ಕ ಸಿಗುವವರೆಗೆ ಕಾಯಬೇಡಿ, ಸಹಾಯ ಎಲ್ಲಿ ಸಿಗುತ್ತದೆ ಅನ್ನುವುದನ್ನು ಎಲ್ಲರಿಗೂ ಗೊತ್ತು ಮಾಡಿ. ನಾವು ನಂಬರುಗಳ ಹಾಳೆಯನ್ನು ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸುವುದು ಅಂತ ತೀರ್ಮಾನ ಮಾಡಿದೆವು. ಅಲ್ಲಿ ಓದಿದರೆ ಯಾರು ಓದಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಶೌಚಾಲಯದ ಮಾತು ಬಂತಲ್ಲ, ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಹಾಳೆ ಅಂಟಿಸುವ ಜಾಗ ನೋಡಲು ಹೋದಾಗ ಬಾಗಿಲ ಚಿಲಕಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ನಮ್ಮದು ಚಿಕ್ಕ ಮಕ್ಕಳ ಶಾಲೆ. ಚಿಲಕ ಮಕ್ಕಳ ಎತ್ತರಕ್ಕಿದೆ. ಒಂದರ ಕೊಂಡಿ ಉಪ್ಪುಗಾಳಿಗೆ ತುಕ್ಕು ಹಿಡಿದು ಕೈಗೇ ಬಂತು. ಇನ್ನೊಂದು ಬಾಗಿಲು ಮಳೆಗೆ ಉಬ್ಬಿ ಚೌಕಟ್ಟಿಗೆ ಕೂರುವುದೇ ಇಲ್ಲ. ಹಗಲು ಮಕ್ಕಳು ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾರೆ, ಹಾಗಾಗಿ ಯಾರೂ ದೂರು ಹೇಳಿರಲಿಲ್ಲ. ಆದರೆ ರಾತ್ರಿ, ಕರೆಂಟ್ ಇಲ್ಲದಾಗ, ಗುರುತು ಪರಿಚಯ ಇಲ್ಲದ ಗಂಡಸರೂ ಓಡಾಡುವ ಅಂಗಳ ದಾಟಿ ಒಬ್ಬ ಹುಡುಗಿ ಅಲ್ಲಿಗೆ ಹೋಗಬೇಕು. ಎಷ್ಟೋ ಹೆಂಗಸರು ಶಿಬಿರದಲ್ಲಿ ಸಂಜೆ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದು ಯಾಕೆ ಅಂತ ಈಗ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಪಾಕೆಟ್ ಗೈಡ್‌ನಲ್ಲಿ ಚಿಲಕದ ವಿಷಯ ಇಲ್ಲ. ಅದರ ಕೆಲಸ ನೊಂದವರ ಜೊತೆ ಮಾತಾಡುವುದು ಹೇಗೆ ಅನ್ನುವುದಷ್ಟೇ. ಶೌಚಾಲಯ, ದೀಪ, ಮಲಗುವ ಜಾಗ, ಇವುಗಳ ಲೆಕ್ಕ ಬೇಕಿದ್ದರೆ ವಿಪತ್ತಿನ ಪರಿಹಾರ ಕೆಲಸಕ್ಕೆ ಕನಿಷ್ಠ ಮಾನದಂಡ ಹೇಳುವ 2018ರ ಸ್ಫಿಯರ್ ಕೈಪಿಡಿ ನೋಡಬೇಕು. ಅದರ ಪ್ರಕಾರ 20 ಜನಕ್ಕೆ ಒಂದು ಶೌಚಾಲಯ ಇರಬೇಕು. ತೀರಾ ಆರಂಭದ ದಿನಗಳಲ್ಲಿ 50 ಜನಕ್ಕೆ ಒಂದಾದರೂ ಬೇಕು. ಗಂಡಸರಿಗೆ ಒಂದು ಇದ್ದರೆ ಹೆಂಗಸರಿಗೆ ಮೂರು. ಒಳಗಿನಿಂದ ಚಿಲಕ, ಬೆಳಕು ಇರಲೇಬೇಕು. ಒಬ್ಬರಿಗೆ ಮೂರೂವರೆ ಚದರ ಮೀಟರ್ ಜಾಗ. ನಮ್ಮ ಶಾಲೆಯಲ್ಲಿ ಇಷ್ಟೂ ಸಾಧ್ಯವಾಗುವುದಿಲ್ಲ. ಆದರೆ ಚಿಲಕ ಸಾಧ್ಯ. ಪಿಟಿಎಯವರಿಗೆ ಹೇಳಿ ದೊಡ್ಡವರ ಎತ್ತರಕ್ಕೆ ಹೊಸ ಚಿಲಕ ಹಾಕಿಸಿದೆವು, ಚಾರ್ಜ್ ಆಗುವ ದೀಪ ತೂಗುಹಾಕಲು ಕೊಕ್ಕೆ ಹೊಡೆಸಿದೆವು. ಈ ಕೈಪಿಡಿ ತೆಗೆದುಕೊಳ್ಳುವವರಿಗೆ ನನ್ನ ಸಲಹೆ: ಸ್ಫಿಯರ್‌ನ ಶೌಚಾಲಯದ ಭಾಗವನ್ನೂ ಜೊತೆಗೆ ಇಟ್ಟುಕೊಳ್ಳಿ. ಒಂದು ದೌರ್ಜನ್ಯ ನಡೆದ ಮೇಲೆ ಹೇಗೆ ಮಾತಾಡಬೇಕು ಅಂತ ಕಲಿಯುವುದರ ಜೊತೆಗೆ, ನಡೆಯದ ಹಾಗೆ ಒಂದು ಚಿಲಕ ಹಾಕಿಸುವುದೂ ತಯಾರಿಯೇ.

‘ಕೇಳು’ ಭಾಗ ಕೈಪಿಡಿಯ ಅತ್ಯುತ್ತಮ ಭಾಗ. ಇದನ್ನು ಓದಿದರೆ ಸಾಲದು, ಬಾಯಿಬಿಟ್ಟು ಅಭ್ಯಾಸ ಮಾಡಬೇಕು. ರಜೆಯಲ್ಲಿ ಶಾಲೆಯ ಊಟದ ಹಾಲಿನಲ್ಲಿ ಕುಟುಂಬಶ್ರೀಯವರು, ಆಶಾ, ಅಂಗನವಾಡಿ ಟೀಚರ್, ನಾವು ಕೆಲವರು ಟೀಚರುಗಳು ಸೇರಿ ಇಬ್ಬಿಬ್ಬರಾಗಿ ಕೂತೆವು. ಒಬ್ಬರು ನೊಂದವರಾಗಿ ಮಾತಾಡಬೇಕು, ಇನ್ನೊಬ್ಬರು ಕೇಳಬೇಕು. ನಮ್ಮ ವಾರ್ಡಿನ ಒಬ್ಬರು ಹಿರಿಯಕ್ಕ, ಊರಿನ ಎಲ್ಲರ ಕಷ್ಟಕ್ಕೂ ಓಡಿಬರುವವರು, ಕೇಳುವವರಾಗಿ ಕೂತರು. ಎದುರಿಗಿದ್ದ ಹುಡುಗಿ ‘ನಿನ್ನೆ ರಾತ್ರಿ...’ ಅಂತ ಶುರು ಮಾಡಿದ್ದೇ ತಡ, ಅಕ್ಕನ ಬಾಯಿಂದ ಬಂದದ್ದು: ‘ಯಾರು? ನಮ್ಮ ಕಡೆಯವನಾ?’ ಅದರ ಹಿಂದೆಯೇ: ‘ಆ ಹೊತ್ತಿಗೆ ನೀನು ಅಲ್ಲಿಗೆ ಎಂತಕ್ಕೆ ಹೋದದ್ದು ಮಗಾ?’

ಹಾಲಿನಲ್ಲಿ ಯಾರೂ ಮಾತಾಡಲಿಲ್ಲ. ಯಾಕಂದರೆ ನಾವೆಲ್ಲರೂ ಕೇಳುತ್ತಿದ್ದದ್ದು ಅದನ್ನೇ. ಅಕ್ಕನೇ ಆಮೇಲೆ ಕೇಳಿದರು, ‘ಏನಾಯಿತು ಅಂತ ಗೊತ್ತಿಲ್ಲದೆ ಸಹಾಯ ಮಾಡುವುದು ಹೇಗೆ ಟೀಚರೇ?’ ಒಳ್ಳೆಯ ಪ್ರಶ್ನೆ. ಕೈಪಿಡಿಯ ಉತ್ತರ ಇಷ್ಟು: ಏನಾಯಿತು ಅಂತ ನಿಮಗೆ ಗೊತ್ತಾಗಬೇಕಾಗಿಲ್ಲ. ಈಗ ಏನು ಬೇಕು ಅನ್ನುವುದು ಗೊತ್ತಾದರೆ ಸಾಕು. ನೋವಿದೆಯಾ, ಭಯ ಇದೆಯಾ, ಇವತ್ತು ರಾತ್ರಿ ಎಲ್ಲಿ ಮಲಗುತ್ತೀರಿ, ಯಾರಾದರೂ ಜೊತೆಗಿರಬೇಕಾ. ತನಿಖೆ ಮಾಡಲು ಬೇರೆಯವರಿದ್ದಾರೆ. ಅವಳು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಅಲ್ಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬೇಡಿ. ಬರೆದುಕೊಳ್ಳಬೇಡಿ. ಫೋಟೋ, ರೆಕಾರ್ಡಿಂಗ್ ಬೇಡ. ರಾಜಿ ಮಾಡಿಸಲು ಹೋಗಬೇಡಿ. ಈ ಕೊನೆಯದು ನಮಗೆ ಕಷ್ಟ. ನಮ್ಮ ಕಡೆ ಗಂಡ ಹೆಂಡತಿ ಜಗಳ ಅಂದರೆ ನಾಲ್ಕು ಜನ ಹಿರಿಯರು ಕೂತು ‘ಹೊಂದಿಕೊಂಡು ಹೋಗಿ’ ಅನ್ನುವುದನ್ನೇ ಸಹಾಯ ಅಂತ ತಿಳಿದಿದ್ದೇವೆ. ಮನೆ ಕಡಲಿಗೆ ಹೋದ ವಾರದಲ್ಲಿ, ಹೊಡೆದವನ ಪಕ್ಕದ ಚಾಪೆಯಲ್ಲೇ ಅವಳನ್ನು ಮಲಗಿಸಿ ಹೊಂದಿಕೊಂಡು ಹೋಗು ಅನ್ನುವುದು ಸಹಾಯ ಆಗುವುದಿಲ್ಲ.

ಮಾತುಗಳನ್ನು ನಮ್ಮ ನಾಲಗೆಗೆ ಒಗ್ಗಿಸಿಕೊಳ್ಳಲು ತುಂಬಾ ಹೊತ್ತು ಬೇಕಾಯಿತು. ಇದು ಕನ್ನಡದಲ್ಲಿ ಇದೆಯಾ ಅಂತ ಹುಡುಕಿದೆ, ನನಗೆ ಸಿಗಲಿಲ್ಲ. ಕನ್ನಡ ಒಂದೇ ಇದ್ದರೂ ನಮಗೆ ಸಾಲುತ್ತಿರಲಿಲ್ಲ. ನಮ್ಮ ಶಾಲೆಯ ಒಂದೇ ಕೋಣೆಯಲ್ಲಿ ತುಳು ಮಾತಾಡುವ ಮೊಗವೀರ ಅಜ್ಜಿ, ಬ್ಯಾರಿ ಮಾತಾಡುವ ತಾಯಿ, ಮಲೆಯಾಳ ಮಾತ್ರ ಬರುವ ಸೊಸೆ, ಮೂವರೂ ಇರುತ್ತಾರೆ. ‘ನೀರ್ ಬೋಡಾ ಅಕ್ಕಾ?’, ‘ವೆಳ್ಳಂ ವೇಣೋ ಚೇಚಿ?’ ಅಂತ ಶುರು ಮಾಡಿದರೆ ಎದುರಿಗಿದ್ದವರ ಭುಜ ಸ್ವಲ್ಪ ಸಡಿಲವಾಗುತ್ತದೆ. ಕೈಪಿಡಿಯಲ್ಲೂ ಮೊದಲು ನೀರು ಕೊಡಿ, ಕೂರಲು ಹೇಳಿ, ಈ ಜಾಗ ಆಗಬಹುದಾ ಅಂತ ಕೇಳಿ ಅಂತಲೇ ಇದೆ. ಆಮೇಲಿನ ಮಾತುಗಳನ್ನು ನಾವು ಹೀಗೆ ಮಾಡಿಕೊಂಡೆವು: ‘ನೀವು ಹೇಳಿದ್ದು ಒಳ್ಳೆಯದಾಯಿತು.’ ‘ಇದರಲ್ಲಿ ನಿಮ್ಮದೇನೂ ತಪ್ಪಿಲ್ಲ.’ ‘ನಿಮಗೆ ಈಗ ಎಂತ ಬೇಕು ಹೇಳಿ, ನನಗೆ ಗೊತ್ತಿದ್ದದ್ದು ಹೇಳುತ್ತೇನೆ.’ ‘ಬೇಡ ಅಂತಾದರೂ ಪರವಾಗಿಲ್ಲ, ನಾಳೆ ಬಂದರೂ ಆದೀತು.’ ಮಕ್ಕಳ ಮಗ್ಗಿಯ ಹಾಗೆ ಬಾಯಿಪಾಠ ಆಗುವವರೆಗೆ ಹೇಳಿಸಿದೆ. ರಾತ್ರಿ ಗಾಬರಿಯಲ್ಲಿ ಬಾಯಿಗೆ ಬರುವುದು ಅಭ್ಯಾಸವಾದ ಮಾತೇ.

ಭಾಷೆಯ ವಿಷಯದಲ್ಲಿ ಒಂದು ಬೇಸರವನ್ನೂ ಹೇಳಬೇಕು. ಒಂದು ಶಿಬಿರದಲ್ಲಿ ಸಹಾಯವಾಣಿಯ ದೊಡ್ಡ ಪೋಸ್ಟರ್ ನೋಡಿದ್ದೆ. ಅಂದವಾಗಿತ್ತು, ಒಳ್ಳೆಯ ಜಾಗದಲ್ಲಿತ್ತು, ಪೂರ್ತಿ ಮಲೆಯಾಳದಲ್ಲಿತ್ತು. ಅಲ್ಲಿದ್ದ ಹೆಂಗಸರಲ್ಲಿ ಹೆಚ್ಚಿನವರು ಕನ್ನಡ ಶಾಲೆಯಲ್ಲಿ ಓದಿದವರು. 181 ಅನ್ನುವ ಅಂಕಿ ಎಲ್ಲರಿಗೂ ಕಾಣುತ್ತದೆ. ಅದು ಯಾತಕ್ಕೆ ಅಂತ ಗೊತ್ತಾಗಬೇಕಲ್ಲ.

‘ಜೋಡಿಸು’ ಭಾಗದಲ್ಲಿ ಕೈಪಿಡಿಯ ನಿಲುವು ಒಂದೇ: ಎಲ್ಲಿಗೆ ಹೋಗಬೇಕು, ಹೋಗಬೇಕಾ ಬೇಡವಾ, ತೀರ್ಮಾನ ನೊಂದವರದ್ದು. ನೀವು ಮಾಹಿತಿ ಕೊಡಿ, ಒತ್ತಾಯ ಮಾಡಬೇಡಿ. ನನಗೆ ಈ ನಿಲುವು ಪೂರ್ತಿ ಒಪ್ಪಿಗೆ. ಆದರೆ ಮಾಹಿತಿ ಕೊಡುವಾಗ ಒಂದು ವಿಷಯ ಸ್ಪಷ್ಟವಾಗಿ, ಸಮಾಧಾನವಾಗಿ ಹೇಳಲೇಬೇಕು. ಅತ್ಯಾಚಾರ ಆಗಿದ್ದರೆ ಗಂಟೆಗಳ ಲೆಕ್ಕ ಮುಖ್ಯ. ಎಚ್‌ಐವಿ ತಗಲದ ಹಾಗೆ ಕೊಡುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟು ಒಳ್ಳೆಯದು. ಗರ್ಭ ನಿಲ್ಲದ ಹಾಗೆ ಕೊಡುವ ತುರ್ತು ಮಾತ್ರೆಗೆ 120 ಗಂಟೆ, ಅಂದರೆ ಐದು ದಿನ. ಹೊಳೆ ಇಳಿಯಲಿ, ಆಮೇಲೆ ನೋಡುವಾ ಅಂದರೆ ಈ ಗಂಟೆಗಳು ಹೋಗಿಬಿಡುತ್ತವೆ. ಇದನ್ನು ನಮ್ಮ ಹಾಳೆಯ ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ. ಕಾಸರಗೋಡಿನಲ್ಲಿ ರಸ್ತೆ ಮುಚ್ಚಿದರೆ ಯಾವ ಒಳರಸ್ತೆ, ಯಾರ ಜೀಪು ಅನ್ನುವುದನ್ನೂ ಮೊದಲೇ ಮಾತಾಡಿಟ್ಟದ್ದು ಇದಕ್ಕೇ. ಜೀಪಿನವರಿಗೆ ಯಾತಕ್ಕೆ ಅಂತ ಹೇಳಿಲ್ಲ, ‘ಆಸ್ಪತ್ರೆ ಕೇಸು’ ಅಂದರೆ ಸಾಕು.

ದುಡ್ಡಿನ ಹೆದರಿಕೆಯೂ ಬೇಡ. ಅತ್ಯಾಚಾರಕ್ಕೊಳಗಾದವರಿಗೆ ಸರ್ಕಾರಿ ಆಗಲಿ ಖಾಸಗಿ ಆಗಲಿ, ಆಸ್ಪತ್ರೆ ಕೂಡಲೇ ಪುಕ್ಕಟೆ ಚಿಕಿತ್ಸೆ ಕೊಡಬೇಕು ಅಂತ ಹೊಸ ಸಂಹಿತೆಯ 397ನೇ ಕಲಂ ಹೇಳುತ್ತದೆ. ಮೊದಲು ಎಫ್‌ಐಆರ್ ತನ್ನಿ ಅನ್ನುವ ಹಾಗಿಲ್ಲ. ಆದರೆ ಅದೇ ಕಲಂ ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೂಬೇಕು. ಇದು ಗೊತ್ತಿಲ್ಲದೆ ನಾವು ‘ಯಾರಿಗೂ ಗೊತ್ತಾಗುವುದಿಲ್ಲ, ಆಸ್ಪತ್ರೆಗೆ ಹೋಗುವಾ’ ಅಂತ ಮಾತು ಕೊಟ್ಟರೆ, ಅಲ್ಲಿ ಪೊಲೀಸ್ ಬಂದಾಗ ಅವಳು ಇನ್ನೊಮ್ಮೆ ಮೋಸ ಹೋದ ಹಾಗೆ. ಸುಳ್ಳು ಭರವಸೆ ಕೊಡಬೇಡಿ ಅಂತ ಕೈಪಿಡಿಯಲ್ಲೂ ಇದೆ. ನಮ್ಮ ದೇಶದ ಮಟ್ಟಿಗೆ ಅದರ ಅರ್ಥ ಇದು.

ಕೈಪಿಡಿಯ ದೊಡ್ಡ ಕೊರತೆ ಮಕ್ಕಳ ವಿಷಯದಲ್ಲಿ. ಮಕ್ಕಳು, ಹದಿಹರೆಯದವರು ಬಂದು ಹೇಳಿದರೆ ಹೇಗೆ ನಡೆದುಕೊಳ್ಳಬೇಕು ಅಂತ ಅದರಲ್ಲಿ ಇದೆ, ಮೃದುವಾಗಿ ಬರೆದಿದ್ದಾರೆ. ಆದರೆ ಎಲ್ಲ ದೇಶಗಳಿಗೂ ಸೇರಿ ಬರೆದ ಪುಸ್ತಕ. ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆ ಇದೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 19ನೇ ಕಲಂ ಪ್ರಕಾರ ಕಡ್ಡಾಯ, ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಶಿಕ್ಷೆ. ಟೀಚರುಗಳಿಗೆ ಇದು ಚೆನ್ನಾಗಿ ಗೊತ್ತು, ಶಿಬಿರಕ್ಕೆ ಬರುವ ಸ್ವಯಂಸೇವಕ ಹುಡುಗರಿಗೆ ಗೊತ್ತಿಲ್ಲ. ಹಾಗಾಗಿ ಹದಿನಾರರ ಹುಡುಗಿ ‘ಯಾರಿಗೂ ಹೇಳಬೇಡಿ ಟೀಚರ್’ ಅಂತ ಶುರು ಮಾಡಿದರೆ, ‘ಹೇಳುವುದಿಲ್ಲ’ ಅಂತ ನಾವು ಒಪ್ಪಿಕೊಳ್ಳುವ ಹಾಗಿಲ್ಲ. ‘ನಿನ್ನನ್ನು ಕಾಪಾಡುವುದಕ್ಕೆ ಒಬ್ಬಿಬ್ಬರಿಗೆ ಹೇಳಬೇಕಾಗಬಹುದು, ಯಾರಿಗೆ ಅಂತ ನಿನಗೆ ಮೊದಲೇ ಹೇಳುತ್ತೇನೆ, ನಾನು ಜೊತೆಗಿರುತ್ತೇನೆ’ ಅನ್ನಬೇಕು. ಕೈಪಿಡಿಯ ಆ ಪುಟದ ಅಂಚಿನಲ್ಲಿ ನಾನು ಇದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ನೀವೂ ಬರೆದುಕೊಳ್ಳಿ.

ವಾಟ್ಸಾಪ್ ಬಗ್ಗೆಯೂ ಅದರಲ್ಲಿ ಇನ್ನಷ್ಟು ಬೇಕಿತ್ತು. ನಮ್ಮ ಕಡೆ ಪ್ರತಿ ವಾರ್ಡಿಗೂ ಗುಂಪು, ಪ್ರತಿ ಕ್ಲಬ್ಬಿಗೂ ಗುಂಪು. ಶಿಬಿರದ ಫೋಟೋ ಐದು ನಿಮಿಷದಲ್ಲಿ ದುಬೈ ಮುಟ್ಟುತ್ತದೆ. ನೊಂದವರ ಗುರುತು ಬಯಲು ಮಾಡುವುದು ಅಪರಾಧ, ಹೊಸ ದಂಡ ಕಾನೂನಾದ ನ್ಯಾಯ ಸಂಹಿತೆಯ 72ನೇ ಕಲಂ ಇದೆ, ಮಕ್ಕಳಿಗೆ ಪೋಕ್ಸೊದ 23ನೇ ಕಲಂ ಇದೆ. ಹೆಸರು ಹಾಕದೆ ‘ಇಂಥ ಮನೆಯವಳು’ ಅಂದರೂ ನಮ್ಮಂಥ ಊರಿನಲ್ಲಿ ಗುರುತು ಸಿಕ್ಕಿಬಿಡುತ್ತದೆ. ಹೆಂಗಸರು ಮಲಗುವ ಕೋಣೆಗಳ ಕಡೆ ಫೋಟೋ ತೆಗೆಯುವ ಹಾಗಿಲ್ಲ ಅಂತ ಗೇಟಿನಲ್ಲೇ ಬೋರ್ಡ್ ಹಾಕುವುದು ನಮ್ಮ ಈ ವರ್ಷದ ನಿಯಮ.

ಇಷ್ಟು ಚಿಕ್ಕ ಶಿಬಿರಕ್ಕೆ ಇದೆಲ್ಲಾ ಬೇಕಾ ಅಂತ ಕೆಲವರು ಕೇಳಿದರು. 2018ರ ಆಗಸ್ಟ್‌ನ ಪ್ರವಾಹದಲ್ಲಿ ಕೇರಳದ ಶಿಬಿರಗಳಲ್ಲಿ 14 ಲಕ್ಷಕ್ಕಿಂತ ಹೆಚ್ಚು ಜನ ಇದ್ದರು. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್ಮಲದವರು ಮಲಗಿದ್ದಲ್ಲೇ ಗುಡ್ಡ ಜರಿಯಿತು, ಉಳಿದವರು ಬಂದು ಸೇರಿದ್ದು ಶಾಲೆಗಳಿಗೇ. ನಮ್ಮ ಸರದಿ ಬಂದ ಮೇಲೆ ತಯಾರಿ ಮಾಡಲು ಹೊತ್ತಿರುವುದಿಲ್ಲ.

ಆ್ಯಪ್ ಬೇಕಾ ಕಾಗದ ಬೇಕಾ ಅಂದರೆ, ಕಾಗದ. ಮಳೆಗಾಲದ ಮೂರನೇ ದಿನಕ್ಕೆ ಯಾರ ಫೋನಿನಲ್ಲೂ ಚಾರ್ಜ್ ಇರುವುದಿಲ್ಲ. ನಮ್ಮ ನಂಬರಿನ ಹಾಳೆಯನ್ನು ಲ್ಯಾಮಿನೇಶನ್ ಮಾಡಿಸಿದ್ದೇವೆ, ಕೈಪಿಡಿಯ ಪ್ರತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಆಫೀಸಿನ ಬೀರುವಿನಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಪಕ್ಕ ಇಟ್ಟಿದ್ದೇವೆ. ಬೀಗದ ಕೈ ಇಬ್ಬರು ಹೆಂಗಸರ ಹತ್ತಿರ ಇದೆ. ಒಬ್ಬರು ಊರಲ್ಲಿಲ್ಲದಿದ್ದರೂ ತೊಂದರೆ ಆಗಬಾರದು ಅಂತ.

ಕೊಂಡುಕೊಳ್ಳಬೇಕಾದ ವಸ್ತುವಾಗಿದ್ದರೆ ಹಾಕಿದ ದುಡ್ಡಿಗೆ ಮೋಸವಿಲ್ಲ ಅನ್ನುತ್ತಿದ್ದೆ. ಪುಕ್ಕಟೆ ಆದ್ದರಿಂದ ಕೊಡಬೇಕಾದ್ದು ಒಂದೆರಡು ಮಧ್ಯಾಹ್ನ ಮಾತ್ರ. ಸ್ವಂತವಾಗಿ ದೊಡ್ಡ ಶಿಬಿರ ನಡೆಸುವ ಸಂಘಟನೆಯವರಿಗೆ ಇದು ಸಾಲದು. ಅವರು ಲಿಂಗಾಧಾರಿತ ದೌರ್ಜನ್ಯದ ಕೆಲಸಕ್ಕೇ 2019ರಲ್ಲಿ ಬಂದ 16 ಕನಿಷ್ಠ ಮಾನದಂಡಗಳ ಪುಸ್ತಕವನ್ನೇ ನೋಡಬೇಕು. ಶಾಲೆ, ಕುಟುಂಬಶ್ರೀ, ಕ್ಲಬ್ಬು, ಯುವಕ ಸಂಘ ಇಂಥವರಿಗೆ ಇದು ಸರಿಯಾದ ಅಳತೆ.

ನಮ್ಮ ಕನ್ನಡ, ತುಳು, ಮಲೆಯಾಳದ ಹಾಳೆಯನ್ನು ಕುಂಬಳೆ, ಪುತ್ತಿಗೆ, ಪೈವಳಿಕೆ ಕಡೆಯ ಟೀಚರುಗಳು ಕೇಳಿದ್ದಾರೆ, ಕೊಟ್ಟಿದ್ದೇವೆ. ಬೇಕಾದವರು ಹಾಗೆಯೇ ನಕಲು ಮಾಡಿಕೊಳ್ಳಬಹುದು, ಆದರೆ ಊರಿನ ಆಶಾ, ಜೀಪು, ಒಳರಸ್ತೆಯ ಸಾಲುಗಳನ್ನು ನಿಮ್ಮದೇ ಹಾಕಿಕೊಳ್ಳಿ. ಪಟ್ಟಿಯಲ್ಲಿರುವ ಪ್ರತಿ ನಂಬರಿಗೂ ಮೇ ಕೊನೆಗೆ ಒಂದು ಸಲ ಫೋನ್ ಮಾಡಿ ನೋಡಿ. ನಾವು ಮಾಡಿದಾಗ ಒಂದು ಹಳೆಯ ನಂಬರ್ ಚಾಲ್ತಿಯಲ್ಲೇ ಇರಲಿಲ್ಲ, ಇನ್ನೊಂದರಲ್ಲಿ ಕನ್ನಡ ಬರುವವರು ಹಗಲು ಮಾತ್ರ ಸಿಗುತ್ತಾರೆ ಅಂತ ಗೊತ್ತಾಯಿತು. ಎರಡನ್ನೂ ಹಾಳೆಯಲ್ಲಿ ತಿದ್ದಿದ್ದೇವೆ.